ತಾತನ ಮಡಿಲಿನ ಕಲ್ಲುಗಳು

ಕೆಲಸದಿಂದ ನಿವೃತ್ತಳಾದ ವಾರ ನನಗಾಗಿ ನಾನು ಕೊಂಡ ಮೊದಲ ವಸ್ತು ಒಂದು ಜೊತೆ ಬಟ್ಟೆ ಬೂಟು. ಹೊಸೂರು ಬಸ್ ನಿಲ್ದಾಣದ ಎದುರಿನ ಅಂಗಡಿಯವನು ನನ್ನ ನರೆಗೂದಲನ್ನೂ ಬೂಟನ್ನೂ ಒಂದಾದ ಮೇಲೊಂದು ನೋಡಿ, "ವಾಕಿಂಗಾ ಅಮ್ಮಾ? ಷುಗರಾ?" ಎಂದು ಕನಿಕರದಿಂದ ಕೇಳಿದ. ಐವತ್ತೆಂಟು ತುಂಬಿದ ಹೆಂಗಸು ಬೂಟು ಹಾಕಿಕೊಂಡರೆ ಅದು ವೈದ್ಯರ ಅಪ್ಪಣೆಯೇ ಇರಬೇಕೆಂಬುದು ನಮ್ಮ ಕಡೆಯ ತೀರ್ಮಾನ. "ಷುಗರ್ ಅಲ್ಲಪ್ಪ, ಚರಿತ್ರೆ" ಎಂದೆ. ಅದೂ ಯಾವುದೋ ಕಾಯಿಲೆಯ ಹೆಸರಿರಬೇಕೆಂದುಕೊಂಡು ಅವನು ತಲೆಯಾಡಿಸಿ ಪೆಟ್ಟಿಗೆ ಕಟ್ಟಿಕೊಟ್ಟ. ಅವನು ತೀರಾ ತಪ್ಪು ತಿಳಿದಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನನ್ನ ಹಿಂದಿನ ಕೆಲಸದ ಬಗ್ಗೆ ನಿಮಗೆ ಎರಡು ಮಾತು ಹೇಳಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಇಲ್ಲಿನ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದೆ. ಬಿಳಿ ದೀಪದ ಕೆಳಗೆ ತಟ್ಟೆ ತಟ್ಟೆಯಾಗಿ ಬರುವ ಸಣ್ಣ ಸಣ್ಣ ಬಿಡಿಭಾಗಗಳನ್ನು ಎತ್ತಿ, ತಿರುಗಿಸಿ, ಸರಿಯಿದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ ಹಾಕುವುದೇ ನನ್ನ ದಿನಚರಿ. ಕೂದಲೆಳೆಯ ಗೀರೂ ನನ್ನ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಈ ಅಭ್ಯಾಸ ಕಾರ್ಖಾನೆಯ ಬಾಗಿಲಲ್ಲಿ ಬಿಟ್ಟು ಬರುವಂಥದ್ದಲ್ಲ; ಸಂತೆಯ ಬದನೆಕಾಯಿಯನ್ನೂ ಮದುವೆಮನೆಯ ಬೀಗರನ್ನೂ ನಾನು ಅದೇ ಕಣ್ಣಿನಿಂದಲೇ ನೋಡುತ್ತಿದ್ದೆ. ಇದು ಪಾಸು, ಅದು ರಿಜೆಕ್ಟು. ಮನೆಯವರು ಇದನ್ನು ಹಿಡಿದು ರೇಗಿಸಿದರೆ ಒಳಗೊಳಗೇ ಖುಷಿಯಾಗುತ್ತಿತ್ತು, ಯಾಕೆಂದರೆ ಆ ಕಣ್ಣಿನ ಮೇಲೆ ನನಗೆ ಅಷ್ಟು ಅಭಿಮಾನ.

ಹೊಸ ಬೂಟು ನನ್ನನ್ನು ಕರೆದೊಯ್ದದ್ದು ಹಳೆಯ ಗುಡಿ, ಕೋಟೆ, ಕಲ್ಲುಗಳನ್ನು ನೋಡುತ್ತ ಸುತ್ತುವ ಭಾನುವಾರದ ನಡಿಗೆಗಳಿಗೆ. ಚರಿತ್ರೆಯ ನಿವೃತ್ತ ಮೇಷ್ಟ್ರು ಸೆಲ್ವಂ ಸಾರ್ ಅದರ ಮುಂದಾಳು. ತಮಿಳಿನಲ್ಲಿ ವಾಕ್ಯ ಶುರುಮಾಡಿ, ತೆಲುಗಿನಲ್ಲಿ ನಗಿಸಿ, ನನ್ನಂಥವರ ಮುಖ ನೋಡಿ ಕನ್ನಡದಲ್ಲಿ ಮುಗಿಸುವುದು ಅವರ ಕ್ರಮ. ಹದಿನೈದಿಪ್ಪತ್ತು ಜನ ನಾವು, ನೀರಿನ ಬಾಟಲಿ, ಟೋಪಿ, ನೋಟುಪುಸ್ತಕ ಹಿಡಿದು ಅವರ ಹಿಂದೆ ಹೊರಡುತ್ತಿದ್ದೆವು. ನಮ್ಮ ಹೊಸೂರು ಹೆಸರಿಗಷ್ಟೇ ಹೊಸ ಊರು ಎಂದು ನನಗೆ ತಿಳಿದದ್ದು ಹೀಗೆ. ಹುಟ್ಟಿದಂದಿನಿಂದ ಹತ್ತಿಳಿದ ಚಂದ್ರಚೂಡೇಶ್ವರನ ಬೆಟ್ಟದಲ್ಲಿ, ಗುಡಿಯ ಗೋಡೆಗೊರಗಿ ನಾನು ಎಷ್ಟೋ ಸಲ ಕಡಲೆಬೀಜ ಬಿಡಿಸಿ ತಿಂದಿದ್ದೆ. ಬೆನ್ನ ಹಿಂದಿನ ಕಲ್ಲಿನ ತುಂಬ ಸಾಲುಸಾಲು ಅಕ್ಷರಗಳಿದ್ದವೆಂದು ಗೊತ್ತಿರಲಿಲ್ಲ. ಸಾರ್ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಯಾರೋ ಒಬ್ಬರು ದೇವರ ದೀಪಕ್ಕೆಂದು ಬಿಟ್ಟ ನೆಲದ ಕಥೆ ಹೇಳಿದಾಗ, ಸತ್ತು ಶತಮಾನಗಳಾದ ಆ ಮನುಷ್ಯ ಪಕ್ಕದ ಬೀದಿಯವನಂತೆ ಕಂಡ. ರಾಮನಾಯಕನ ಕೆರೆಯ ಏರಿ, ಹಳೆಯ ಕೋಟೆಯ ಅಳಿದುಳಿದ ಕಲ್ಲು, ಬಸ್ಸಿನ ಧೂಳು ಹೊತ್ತು ನಿಂತ ಮಂಟಪ, ಎಲ್ಲಕ್ಕೂ ಬಾಯಿ ಬಂದಂತಾಯಿತು. ಓದದೆ ಬಿಟ್ಟ ಪುಸ್ತಕವೊಂದರೊಳಗೇ ಇಷ್ಟು ವರ್ಷ ಮನೆ ಮಾಡಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಒಂದು ಭಾನುವಾರ ಸಾರ್ ನಮ್ಮನ್ನು ಕೃಷ್ಣಗಿರಿಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಯುದ್ದಕ್ಕೂ ವೀರಗಲ್ಲುಗಳು. ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ಹೋರಾಡಿ ಸತ್ತವನಿಗೆ ಊರವರು ನಿಲ್ಲಿಸಿದ ಕಲ್ಲುಗಳಿವು ಎಂದು ಸಾರ್ ವಿವರಿಸುತ್ತಿದ್ದರು. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕತ್ತಿ, ಕಾಲ ಬಳಿ ಪುಟ್ಟ ಪುಟ್ಟ ದನ. ನಾನು ನಿಂತಲ್ಲೇ, "ಅಯ್ಯೋ, ಇವ್ನು ನಮ್ ತಾತ!" ಎಂದು ಕೂಗಿಬಿಟ್ಟೆ. ಎಲ್ಲರೂ ನಕ್ಕರು. ಸೆಲ್ವಂ ಸಾರ್ ಮಾತ್ರ ನಗದೆ ಹತ್ತಿರ ಬಂದು, "ಎಂಗಮ್ಮಾ ಇರುಕ್ಕು? ಎಲ್ಲಿದೆ ನಿಮ್ಮ ತಾತ?" ಎಂದು ಕೇಳಿದರು.

ನಮ್ಮ ತಾತ ಇದ್ದದ್ದು ಸೂಳಗಿರಿಯಿಂದ ಒಳಕ್ಕೆ, ನಮ್ಮ ಹಳ್ಳಿಯ ರಾಗಿ ಹೊಲದ ಬದುವಿನಲ್ಲಿ, ಒಂದು ಹೊಂಗೆ ಮರದ ಕೆಳಗೆ. ಎದೆಯೆತ್ತರದ ಕಲ್ಲು. ಅದನ್ನು ವೀರಗಲ್ಲೆಂದು ನಮ್ಮಲ್ಲಿ ಯಾರೂ ಕರೆದವರಲ್ಲ, ಎಲ್ಲರ ಬಾಯಲ್ಲೂ ಕಲ್ಲುತಾತ. ಮಹಾಲಯ ಅಮಾವಾಸ್ಯೆಯ ದಿನ ಮನೆಯ ಹಿರಿಯ ಹೆಂಗಸು ಅದಕ್ಕೆ ಸುಣ್ಣ ಬಳಿದು, ಎಣ್ಣೆ ಹಚ್ಚಿ, ಕಜ್ಜಾಯ ಇಟ್ಟು ಬರಬೇಕು. ನನಗೆ ತಿಳುವಳಿಕೆ ಬಂದಾಗಿನಿಂದ ಆ ಕೆಲಸ ನಮ್ಮ ದೊಡ್ಡಮ್ಮನದು, ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿಯದು. ವರ್ಷಕ್ಕೊಂದು ಪದರದಂತೆ ಸುಣ್ಣ ಕೂಡಿಕೊಂಡು ತಾತನ ಕಣ್ಣು ಮೂಗೆಲ್ಲ ಮುಚ್ಚಿಹೋಗಿ, ಎತ್ತಿದ ಕೈ, ನಿಂತ ಭಂಗಿ ಮಾತ್ರ ಗುರುತು ಸಿಗುವಂತೆ, ಆತ ಹಿಟ್ಟಿನಲ್ಲಿ ಮಾಡಿಟ್ಟ ಗೊಂಬೆಯ ಹಾಗಿದ್ದ.

ತಾತನ ಕಾಲ ಬಳಿ ಇನ್ನೊಂದು ಸಂಸಾರವಿತ್ತು. ಅದನ್ನು ಹೇಳುವುದಕ್ಕೇ ನಾನು ಇಷ್ಟು ದೂರದಿಂದ ಸುತ್ತಿಕೊಂಡು ಬರುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದ್ದರೆ ಅದು ಸರಿ. ನಮ್ಮ ಮನೆತನದಲ್ಲಿ ಮಕ್ಕಳು ಸತ್ತರೆ ದೊಡ್ಡವರಿಗೆ ಮಾಡುವ ತಿಥಿಯಿಲ್ಲ, ಎಡೆಯಿಲ್ಲ, ಸಮಾಧಿಯ ಗುರುತೂ ಇಲ್ಲ. ಅದರ ಬದಲು ಹೊಳೆಯಿಂದ ಒಂದು ನುಣುಪು ಕಲ್ಲು ತಂದು, ಅರಿಸಿನ ಹಚ್ಚಿ, ಕಲ್ಲುತಾತನ ಪಾದದ ಹತ್ತಿರ ಇಡುತ್ತಾರೆ. 'ತಾತನ ಮಡ್ಲಿಗೆ ಹಾಕೋದು' ಎಂದು ಅದರ ಹೆಸರು. ಹಾಗೆ ಹಾಕಿದರೆ ಮಗು ದಾರಿ ತಿಳಿಯದೆ ಅಲೆಯುವುದಿಲ್ಲ, ದೊಡ್ಡವರೊಬ್ಬರ ಜೊತೆಗಿರುತ್ತದೆ ಎಂಬ ನಂಬಿಕೆ. ಆ ಕಲ್ಲನ್ನು ದೊಡ್ಡವರು ಆರಿಸುವಂತಿಲ್ಲ. ಸತ್ತ ಮಗುವಿನ ಜೊತೆ ಆಡುತ್ತಿದ್ದ ಮಗುವೇ ಹೊಳೆಗೆ ಹೋಗಿ ಆರಿಸಬೇಕು. ತಲೆಮಾರುಗಳಿಂದ ಹೀಗೆ ಬಂದು ಸೇರಿದ ಹಿಡಿಯಷ್ಟಗಲದ ಕಲ್ಲುಗಳು ಅಲ್ಲಿ ಒತ್ತೊತ್ತಾಗಿ ಕೂತಿದ್ದವು.

ಅವುಗಳಲ್ಲಿ ಒಂದನ್ನು ಆರಿಸಿದವಳು ನಾನು. ದೊಡ್ಡಮ್ಮನ ಮಗಳು ಗಂಗಿ ನನಗಿಂತ ಎಂಟು ತಿಂಗಳು ದೊಡ್ಡವಳು. ಅಷ್ಟಕ್ಕೇ ಅಕ್ಕ ಎನ್ನಬೇಕೆಂದು ನನ್ನ ಜುಟ್ಟು ಹಿಡಿದು ಜಗ್ಗುತ್ತಿದ್ದವಳು. ಎಂಟನೆಯ ವರ್ಷದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು. ಮಾರನೆಯ ದಿನ ನನ್ನನ್ನು ದಕ್ಷಿಣ ಪಿನಾಕಿನಿಯ ದಂಡೆಗೆ ಕರೆದೊಯ್ದು, "ಗಂಗಿಗೆ ಒಂದು ಕಲ್ಲು ತಗೋ" ಎಂದರು. ನಾನು ತುಂಬಾ ಹೊತ್ತು ಹುಡುಕಿದೆ. ಬೇರೆ ಮಕ್ಕಳ ಕಲ್ಲುಗಳೆಲ್ಲ ಗುಂಡಗಿದ್ದವು. ನಾನು ಆರಿಸಿದ್ದು ಚಪ್ಪಟೆ ಕಲ್ಲು, ಯಾಕೆಂದರೆ ಗಂಗಿಗೆ ಕುಂಟೆಬಿಲ್ಲೆ ಎಂದರೆ ಪ್ರಾಣ, ಅಲ್ಲಿಯೂ ಆಡುವುದಕ್ಕೆ ಬಿಲ್ಲೆ ಬೇಕಲ್ಲ. ದೊಡ್ಡಮ್ಮ ಅದನ್ನು ನೋಡಿದ್ದೇ ನನ್ನನ್ನು ಅವುಚಿಕೊಂಡು ಗೋಳೋ ಎಂದು ಅತ್ತಳು. ಆ ದಿನದಿಂದ ಆಕೆ ಅಮಾವಾಸ್ಯೆಗೆ ತಾತನಿಗೆ ಹಚ್ಚಿದ ಎಣ್ಣೆ ನೆಪಕ್ಕೆ ಮಾತ್ರ ತಾತನದು ಎಂದು ನನ್ನ ಊಹೆ.

ಸೆಲ್ವಂ ಸಾರ್ ನಮ್ಮ ಹೊಲಕ್ಕೆ ಬಂದರು. ಬಿಸಿನೀರು, ತೆಂಗಿನ ನಾರು, ಬಿದಿರಿನ ಚಕ್ಕೆ ಹಿಡಿದು ಎರಡು ಭಾನುವಾರ ಸುಣ್ಣ ಬಿಡಿಸಿದೆವು. ಸುಣ್ಣದ ಒಳಗಿನಿಂದ ಮೊದಲು ಒಂದು ಕಿವಿ ಬಂತು, ಆಮೇಲೆ ಬಿಲ್ಲು, ಆಮೇಲೆ ಕಾಲ ಬಳಿಯ ದನ, ಎಲ್ಲಕ್ಕಿಂತ ಮೇಲೆ ಮೂರು ಸಾಲು ಅಕ್ಷರ. "ಹಳೆಯ ಬರಹವಮ್ಮಾ, ಬಹಳ ಹಳೆಯದು" ಎಂದು ಸಾರ್ ಬೆರಳಿನಿಂದ ಅಕ್ಷರಗಳನ್ನು ಸವರಿದರು. ದನ ಬಿಡಿಸಿಕೊಳ್ಳಲು ಹೋಗಿ ಸತ್ತವನೊಬ್ಬನ ಕಲ್ಲು ಎನ್ನುವಷ್ಟು ಓದಲಾಯಿತು, ಆದರೆ ಹೆಸರಿರುವ ಕಡೆ ಕಲ್ಲು ಚಕ್ಕೆಯೆದ್ದು ಹೋಗಿತ್ತು. ಪತ್ರಿಕೆಯವರು ಬಂದು ಹೋದರು. ನಮ್ಮ ನಡಿಗೆಯ ಬಳಗದಲ್ಲಿ ನಾನು ರಾತ್ರೋರಾತ್ರಿ ದೊಡ್ಡ ಮನುಷ್ಯಳಾದೆ; ನೆರೆದವರಿಗೆ ಬಿಲ್ಲಿನ ಬಾಗು, ಕಚ್ಚೆಯ ನೆರಿಗೆ ಎಲ್ಲವನ್ನೂ ಬೆರಳಿಟ್ಟು ವಿವರಿಸುತ್ತಿದ್ದೆ. ನನ್ನ ಮಾತು ಸೆಲ್ವಂ ಸಾರ್ ಮಾತಿನಂತೆಯೇ ಕೇಳಿಸುತ್ತಿತ್ತು.

ಅಷ್ಟು ಹೊತ್ತಿಗೆ ಆ ಹೊಲ ನಮ್ಮದಾಗಿ ಉಳಿದಿರಲಿಲ್ಲ. ಸುತ್ತಲಿನ ಭೂಮಿಯೆಲ್ಲ ಕಾರ್ಖಾನೆಗಳಿಗೆ ಹೋಗಿತ್ತು, ನಮ್ಮದೂ ಜೊತೆಗೆ. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಸಂಕಟವಿರಲಿಲ್ಲ. ದೊಡ್ಡಮ್ಮನ ಮಗ ಸೂಳಗಿರಿಯಲ್ಲಿ ಮನೆ ಕಟ್ಟಿಕೊಂಡು, ಅದೇ ಕಾರ್ಖಾನೆಗಳ ಕೆಲಸಗಾರರನ್ನು ಹೊತ್ತು ಸಾಗಿಸುವ ವ್ಯಾನು ಇಟ್ಟಿದ್ದ. ನೆಲ ಸಮ ಮಾಡುವ ಮುಂಚೆ ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸಿಬಿಡೋಣ ಎಂದು ಸೆಲ್ವಂ ಸಾರ್ ಓಡಾಡಿ ಅಪ್ಪಣೆ ತಂದರು. ನಾನು ದೊಡ್ಡಮ್ಮನನ್ನು ಕೇಳಲು ಹೋದೆ. ಆಕೆಗೆ ಎಂಬತ್ತು ದಾಟಿದೆ. ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿ ಮಂಚದ ಮೇಲೆ ಕೂತಿದ್ದಳು.

"ಇಷ್ಟು ದಿನ ತಾತನ್ನ ಬಿಸ್ಲಾಗೆ ನಿಲ್ಸಿದ್ವಿ. ನೆಳ್ಳಾಗೆ ಇಡ್ತೀವಿ ಅಂದ್ರೆ ಕರ್ಕೊಂಡೋಗ್ಲಿ ಬುಡು" ಎಂದಳು. ಆಮೇಲೆ ನನ್ನ ಕೈಗಾಗಿ ತಡಕಾಡಿ ಹಿಡಿದುಕೊಂಡು, "ಮಕ್ಕಳ್ನ ಬುಟ್ಟೋಗ್ಬ್ಯಾಡ ಕಣಮ್ಮ. ತಾತನ್ ಜೊತೇಗೇ ಹೋಗ್ಬೇಕು ಅವು. ಕಣ್ಣು ಸರ್ಯಾಗಿದ್ದಿದ್ರೆ ನಾನೇ ಬಂದು ಮಡ್ಲಾಗೆ ಕಟ್ಕೊಂಡು ಬತ್ತಿದ್ದೆ" ಎಂದಳು.

"ಆಯ್ತು ದೊಡ್ಡಮ್ಮ, ನಾನೇ ನೋಡ್ಕೊತೀನಿ" ಎಂದೆ. ಅದು ಸುಳ್ಳಾಗಿರಲಿಲ್ಲ. ಹಾಗೆಯೇ ಮಾಡಬೇಕೆಂದಿದ್ದೆ.

ಕಲ್ಲು ಎತ್ತಿದ್ದು ಒಂದು ಶನಿವಾರ. ಬಳಗದವರೆಲ್ಲ ಬಂದಿದ್ದರು, ಜೊತೆಗೆ ಕಾಲೇಜಿನ ಉಪನ್ಯಾಸಕರು, ಕ್ಯಾಮೆರಾ ಹಿಡಿದವರು. ಹಗ್ಗ ಕಟ್ಟಿ, ಗೋಣಿತಾಟು ಸುತ್ತಿ, ಹತ್ತು ಕೈ ಸೇರಿ ತಾತನನ್ನು ಲಾರಿಗೆ ಏರಿಸಿದೆವು. ಆತ ನಿಂತಿದ್ದ ಗುಂಡಿಯ ಮುಂದೆ ಅರಿಸಿನದ ಕಲೆಯ ಆ ಸಣ್ಣ ಕಲ್ಲುಗಳು ಹಾಗೇ ಕೂತಿದ್ದವು. ಸೆಲ್ವಂ ಸಾರ್ ಬಗ್ಗಿ ನೋಡಿ, "ಅಮ್ಮಾ, ಇದೆಲ್ಲಾ ಏನು? ಇದ್ನೂ ಎತ್ಕೋಬೇಕಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಕ್ಯಾಮೆರಾದವನು, "ಸಾರ್, ಜಲ್ಲಿನೂ ಮ್ಯೂಸಿಯಂಗಾ?" ಎಂದ. ಎಲ್ಲರೂ ನಕ್ಕರು. ಒಳ್ಳೆಯ ನಗುವೇ, ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ನಾನೂ ನಕ್ಕೆ. "ಬಿಡಿ ಸಾರ್, ಅವು ಸುಮ್ನೆ ಕಲ್ಲು" ಎಂದೆ.

ಮರೆತು ಹೇಳಿದೆ ಎಂದರೆ ನೀವು ಕ್ಷಮಿಸಬಹುದು, ಆದರೆ ನಾನು ಮರೆತಿರಲಿಲ್ಲ. ಗಂಗಿಯ ಚಪ್ಪಟೆ ಕಲ್ಲು ಎಡಗಡೆಯಿಂದ ಮೂರನೆಯದಾಗಿ ನನ್ನ ಕಣ್ಣೆದುರೇ ಇತ್ತು. ಶಾಸನ, ಲಿಪಿ, ಶೈಲಿ ಎಂದೆಲ್ಲ ಅಷ್ಟು ಹೊತ್ತು ಮಾತನಾಡಿದ ಬಾಯಿಂದ, 'ಇವು ನಮ್ಮ ಮನೆಯಲ್ಲಿ ಸತ್ತ ಮಕ್ಕಳು, ತಾತನ ಮಡಿಲಲ್ಲಿ ಆಡಿಕೊಂಡಿವೆ' ಎಂದು ಹೇಳಲು ನನಗೆ ನಾಚಿಕೆಯಾಯಿತು. ಓದಿದವರ ನಡುವೆ ಹಳ್ಳಿ ಗುಗ್ಗುವಾಗಿ ಕಾಣಿಸಿಬಿಡುತ್ತೇನೆಂದು ಹೆದರಿದೆ. ಮನಸ್ಸಿನಲ್ಲೇ ಒಂದು ಉಪಾಯ ಮಾಡಿಕೊಂಡೆ: ನಾಳೆ ಒಬ್ಬಳೇ ಬಂದು, ಯಾರೂ ಇಲ್ಲದಾಗ, ಎಲ್ಲವನ್ನೂ ಕೈಚೀಲದಲ್ಲಿ ತುಂಬಿಕೊಂಡು ಹೋಗುವುದು. ಹಾಗಂದುಕೊಂಡದ್ದೇ ಮನಸ್ಸು ಹಗುರಾಗಿ, ಲಾರಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ.

ಮಾರನೆಯ ದಿನ ಭಾನುವಾರ. ಕೃಷ್ಣಗಿರಿಯಾಚೆಯ ಗುಡ್ಡವೊಂದಕ್ಕೆ ನಡಿಗೆ ಎಂದು ಮೊದಲೇ ಗೊತ್ತಾಗಿತ್ತು. ಅಲ್ಲಿ ಚಪ್ಪಡಿ ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಪುರಾತನ ಗೋರಿಗಳಿವೆ. ಊರವರು ಪಾಂಡವರ ಮನೆ ಎನ್ನುತ್ತಾರೆ. ತಪ್ಪಿಸಿಕೊಳ್ಳಲು ಮನಸ್ಸಾಗಲಿಲ್ಲ. ಕಲ್ಲುಗಳು ಎಲ್ಲಿಗೆ ಓಡಿಹೋಗುತ್ತವೆ, ಸೋಮವಾರ ತಂದರಾಯಿತು ಎಂದುಕೊಂಡೆ. ಅಕ್ಷರವೇ ಇಲ್ಲದ ಕಾಲದ ಆ ಜನ ತಮ್ಮ ಸತ್ತವರಿಗೆ ಎಂಥ ಅಕ್ಕರೆಯಿಂದ ಮನೆ ಕಟ್ಟಿದರು, ಮಳೆ ಗಾಳಿ ತಾಕದಂತೆ ಹೇಗೆ ಮುಚ್ಚಿದರು ಎಂದು ಸೆಲ್ವಂ ಸಾರ್ ಹೇಳುತ್ತಿದ್ದರೆ, ನಾನು ಬಂಡೆಯ ಮೇಲೆ ಕೂತು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಎರಡು ಪುಟ ಬರೆದಿದ್ದೇನೆ. ಅಕ್ಷರಗಳು ಬಹಳ ದುಂಡಗಿವೆ.

ಸೋಮವಾರ ಮಧ್ಯಾಹ್ನ ಚೀಲ ಹಿಡಿದು ಹೋದಾಗ ಹೊಂಗೆ ಮರವಿರಲಿಲ್ಲ, ಬದುವಿರಲಿಲ್ಲ. ಬೆಳಿಗ್ಗೆಯೇ ಜೆಸಿಬಿ ಬಂದು ಹೋಗಿತ್ತು. ಅಂಗೈಯಂತೆ ಸಮವಾದ ಕೆಂಪು ನೆಲ, ಅದರ ಒಂದು ಬದಿಗೆ ಮನೆಯೆತ್ತರದ ಮಣ್ಣಿನ ಗುಡ್ಡೆ, ಅದರ ತುಂಬ ಕಲ್ಲು. ಸಾವಿರಾರು ಕಲ್ಲು. ಕೂದಲೆಳೆಯ ಗೀರು ಹಿಡಿಯುತ್ತಿದ್ದ ಈ ಕಣ್ಣುಗಳಿಂದ ಸಂಜೆಯವರೆಗೂ ಹುಡುಕಿದೆ, ಉಗುರು ಕಿತ್ತುಹೋಗುವಂತೆ ಮಣ್ಣು ಬಗೆದೆ. ಕಾವಲಿನವನು ಬಂದು ಏನು ಕಳೆದುಕೊಂಡಿರೆಂದು ಕೇಳಿದ. "ಏನಿಲ್ಲ" ಎಂದೆ. ಅವನೆದುರೂ ನಿಜ ಹೇಳುವ ಧೈರ್ಯ ಬರಲಿಲ್ಲ. ಮಂಗಳವಾರ ಹೋದೆ, ಬುಧವಾರವೂ ಹೋದೆ. ಆಮೇಲೆ ಅಲ್ಲಿ ಗೋಡೆ ಎದ್ದಿತು.

ಮಹಾಲಯ ಅಮಾವಾಸ್ಯೆಯವರೆಗಿನ ವಾರಗಳನ್ನು ಹೇಗೆ ಕಳೆದೆನೆಂದು ಕೇಳಬೇಡಿ. ದೊಡ್ಡಮ್ಮ ಫೋನಿನಲ್ಲಿ, "ಮಕ್ಕಳು ಸರ್ಯಾಗಿ ಸೇರ್ಕೊಂಡ್ವಾ?" ಎಂದು ಕೇಳಿದಳು. "ಹೂಂ" ಎಂದೆ. ಕಣ್ಣು ಕಂಡ ಮೇಲೆ ಅಮಾವಾಸ್ಯೆಗೆ ತಾನೇ ಹೋಗಿ ನೋಡುವುದಾಗಿ ಹೇಳಿದಳು. ಇನ್ನೇನು ಅಮಾವಾಸ್ಯೆ ಎರಡು ದಿನವಿದೆ ಎನ್ನುವಾಗ ನಾನು ತೊರಪಲ್ಲಿ ಅಗ್ರಹಾರದ ಕಡೆ ಹೋಗಿ ಹೊಳೆಗಿಳಿದು, ಅದೇ ಬಣ್ಣದ, ಅದೇ ಅಳತೆಯ ಒಂದು ಚಪ್ಪಟೆ ಕಲ್ಲು ಹುಡುಕಿದೆ. ಎಷ್ಟೋ ಕಲ್ಲನ್ನು ಎತ್ತಿ ನೋಡಿ ಎಸೆದೆ. ಕೊನೆಗೆ ಒಂದು ಸಿಕ್ಕಿತು. ಮನೆಗೆ ತಂದು, ಅರಿಸಿನ ಹಚ್ಚಿ ಒಣಗಿಸಿ, ಹಳೆಯದಾಗಿ ಕಾಣಲೆಂದು ಎಣ್ಣೆ ಸವರಿ, ಮತ್ತೆ ಅರಿಸಿನ ಹಚ್ಚಿದೆ. ಕಾರ್ಖಾನೆಯಲ್ಲಿ ಹೀಗೆ ಯಾರಾದರೂ ಕಳಪೆ ಮಾಲಿಗೆ ಬಣ್ಣ ಬಳಿದು ತಂದಿದ್ದರೆ ನಾನು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಅಮಾವಾಸ್ಯೆಯ ದಿನ ನಾವಿಬ್ಬರೂ ಬಸ್ಸಿನಲ್ಲಿ ಕೃಷ್ಣಗಿರಿಗೆ ಹೋದೆವು. ದೊಡ್ಡಮ್ಮ ದಾರಿಯುದ್ದಕ್ಕೂ ಹೊಸ ಕಣ್ಣಿನಿಂದ ಬೋರ್ಡುಗಳನ್ನೂ ಬೆಟ್ಟಗಳನ್ನೂ ನೋಡುತ್ತ ಖುಷಿಯಾಗಿದ್ದಳು. ಆಕೆಯ ಮಡಿಲಲ್ಲಿ ಒಂದು ಡಬ್ಬಿ, ಅದರಲ್ಲಿ ಕಜ್ಜಾಯ. ಸೆರಗಿನ ಗಂಟಿನಲ್ಲಿ ಎಣ್ಣೆಯ ಪುಟ್ಟ ಸೀಸೆ. ವಸ್ತುಸಂಗ್ರಹಾಲಯದ ಕಾವಲಿನವರು ಸೀಸೆ ಕಂಡು, ಎಣ್ಣೆ ಹಚ್ಚುವಂತಿಲ್ಲ, ಮುಟ್ಟಲೂಬಾರದು ಎಂದು ತಮಿಳಿನಲ್ಲಿ ಮೃದುವಾಗಿಯೇ ಹೇಳಿದರು. ದೊಡ್ಡಮ್ಮ ತಕರಾರು ಮಾಡಲಿಲ್ಲ. ತಾತನ ಮುಂದೆ ಹೋಗಿ ಕೈಕಟ್ಟಿ ನಿಂತು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೂಗು ಬಾಯಿ ಎಲ್ಲಾ ಐತೆ ಕಣೇ ತಾತನ್ಗೆ. ನಂಗೆ ಗೊತ್ತೇ ಇರ್ಲಿಲ್ಲ" ಎಂದು ನಕ್ಕಳು. ಆಮೇಲೆ ಸಿಮೆಂಟಿನ ಕಟ್ಟೆಯತ್ತ ಬಗ್ಗಿ, ಅತ್ತ ಇತ್ತ ನೋಡಿ, "ಮಕ್ಕಳೆಲ್ಲಿ?" ಎಂದಳು.

"ಬೇರೆ ಮಕ್ಕಳನ್ನ ಒಳಗಿಟ್ಟವ್ರೆ ದೊಡ್ಡಮ್ಮ. ಗಂಗೀನ ನಾನೇ ಇಟ್ಕೊಂಡಿದ್ದೆ, ನಿಂಗೆ ಕೊಡೋಣ ಅಂತ" ಎಂದು ಚೀಲದಿಂದ ಆ ಕಲ್ಲು ತೆಗೆದು ಅವಳ ಕೈಯಲ್ಲಿಟ್ಟೆ.

ಅವಳು ಕಣ್ಣಿನಿಂದ ನೋಡಲೇ ಇಲ್ಲ. ಹೆಬ್ಬೆರಳನ್ನು ಕಲ್ಲಿನ ಅಂಚಿನುದ್ದಕ್ಕೂ ಒಂದು ಸುತ್ತು ಆಡಿಸಿದಳು. ಇನ್ನೊಂದು ಸುತ್ತು ಆಡಿಸಿದಳು.

"ಗಂಗೀಗೆ ಒಂದ್ ಕಡೆ ಅಂಚು ಮುರ್ದಿತ್ತು. ಅರಿಸಿನ ಹಚ್ಚೋವಾಗ ವರ್ಸ ವರ್ಸಾನೂ ಬೆರಳ್ಗೆ ಸಿಗ್ತಿತ್ತು" ಎಂದಳು. "ಇದು ನಮ್ ಮಗು ಅಲ್ಲ ಕಣಮ್ಮ. ಯಾರ್ದೋ ಏನೋ. ಎಲ್ಲಿಂದ ತಂದ್ಯೋ ಅಲ್ಲೇ ಬುಟ್ಬುಡು, ಪಾಪ."

ಆ 'ಪಾಪ' ಎನ್ನುವ ಮಾತು ನನಗಲ್ಲ, ಕಲ್ಲಿಗೆ. ನಾನು ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಸಾರ್ ಕೇಳಿದ್ದು, ಎಲ್ಲರೂ ನಕ್ಕದ್ದು, ನಾನು ಹೇಳಿದ್ದು, ಭಾನುವಾರ ಎಲ್ಲಿಗೆ ಹೋಗಿದ್ದೆ ಎಂಬುದು, ಸೋಮವಾರದ ಮಣ್ಣಿನ ಗುಡ್ಡೆ. ಆಕೆ ಬೈಯಲಿ, ಹೊಡೆಯಲಿ ಎಂದು ಕಾದೆ. ದೊಡ್ಡಮ್ಮ ಗೋಡೆಗೊರಗಿ ನನ್ನ ಪಕ್ಕದಲ್ಲೇ ಕೂತಳು. ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ಅಷ್ಟು ಜನದ್ ಮುಂದೆ, ನಮ್ ಮಗು ಅಂತ ಹೇಳಕ್ಕೆ ನಾಚ್ಕೆ ಆಯ್ತಾ ನಿಂಗೆ?"

"ಆಯ್ತು ದೊಡ್ಡಮ್ಮ."

ಅವಳು ತಲೆಯಾಡಿಸಿದಳು. ತಾತನನ್ನೇ ನೋಡುತ್ತಿದ್ದಳು. "ತಾತನ್ನ ಯಾಕೆ ತಂದ್ರು ಮತ್ತೆ? ಅವ್ನೂ ಕಲ್ಲೇ ಅಲ್ವಾ?"

"ಅವ್ನ ಮೇಲೆ ಬರ್ದೈತಲ್ಲ, ಅದಕ್ಕೆ."

"ಬರ್ದಿದ್ರೆ ಇಟ್ಕೋತಾರಾ?"

"ಹೂಂ."

ಇಷ್ಟು ದಿನ ನಾನು ಚರಿತ್ರೆಯೆಂದು ನೋಟುಪುಸ್ತಕದ ತುಂಬ ಬರೆದುಕೊಂಡದ್ದೆಲ್ಲ ಯಾರಾದರೊಬ್ಬರು ಬರೆಸಿಟ್ಟು ಹೋದದ್ದು. ಬರೆಸಲು ತ್ರಾಣವಿಲ್ಲದವರು ಹೊಳೆಯಿಂದ ಕಲ್ಲು ತಂದಿಟ್ಟು, ವರ್ಷಕ್ಕೊಮ್ಮೆ ಬೆರಳಿನಿಂದ ಅದನ್ನು ಓದುತ್ತಿದ್ದರು. ಅದನ್ನು ಓದಬಲ್ಲವರು ಜಗತ್ತಿನಲ್ಲಿ ಇಬ್ಬರೇ ಇದ್ದೆವು. ಆ ಇಬ್ಬರಲ್ಲೊಬ್ಬಳಾದ ನಾನೇ ಅದನ್ನು ರಿಜೆಕ್ಟೆಂದು ಎಡಗಡೆಗೆ ಹಾಕಿಬಿಟ್ಟೆ. ಹೀಗೆಲ್ಲ ಯೋಚನೆ ಬಂದದ್ದು ಆಮೇಲೆ. ಆಗ ದುಃಖವೊಂದೇ ಇತ್ತು.

ಹೊರಡುವಾಗ ಬಾಗಿಲ ಬಳಿಯ ಮೇಜಿನಲ್ಲಿ ಕಾವಲಿನವರು ಉದ್ದನೆಯ ಪುಸ್ತಕವೊಂದನ್ನು ನನ್ನತ್ತ ತಿರುಗಿಸಿ, ಬಂದುಹೋದವರು ಹೆಸರು ಬರೆಯಬೇಕೆಂದು ಪೆನ್ನು ಕೊಟ್ಟರು. ನಾನು ನನ್ನ ಹೆಸರು ಬರೆದು, ಕೆಳಗೆ ದೊಡ್ಡಮ್ಮನ ಹೆಸರು ಬರೆದೆ. ದೊಡ್ಡಮ್ಮ ನನ್ನ ಭುಜ ಹಿಡಿದು ಬಗ್ಗಿ ನೋಡುತ್ತಿದ್ದಳು.

"ಏನದು?"

"ಇಲ್ಲಿಗೆ ಯಾರ್ಯಾರು ಬಂದಿದ್ರು ಅಂತ ಬರ್ಯೋದು."

"ಇವ್ರು ಇಟ್ಕೋತಾರಾ ಇದ್ನ?"

ಇಟ್ಟುಕೊಳ್ಳುತ್ತಾರೋ, ತುಂಬಿದ ಮೇಲೆ ರದ್ದಿಗೆ ಹಾಕುತ್ತಾರೋ ನನಗೆ ತಿಳಿಯದು. "ಇಟ್ಕೋತಾರೆ" ಎಂದೆ.

"ಹಂಗಾದ್ರೆ ಗಂಗೀ ಹೆಸ್ರು ಬರಿ."

ತಮಿಳು ಅಕ್ಷರಗಳ ಸಾಲುಗಳ ಕೆಳಗೆ ಕನ್ನಡದಲ್ಲಿ 'ಗಂಗಮ್ಮ' ಎಂದು ಬರೆದೆ. ಊರು ಎಂದಿದ್ದ ಕಡೆ, ಈಗ ಕಾರ್ಖಾನೆಯ ಗೋಡೆಯೊಳಗಿರುವ ನಮ್ಮ ಹಳ್ಳಿಯ ಹೆಸರು ಬರೆದೆ. ಎಷ್ಟು ಜನ ಎಂದಿದ್ದ ಕಡೆ ಮೂರು ಎಂದು ಬರೆದೆ. ಕಾವಲಿನವರು ಪುಸ್ತಕ ತಮ್ಮ ಕಡೆ ತಿರುಗಿಸಿ, ನಮ್ಮನ್ನೊಮ್ಮೆ, ನಮ್ಮ ಹಿಂದಿನ ಖಾಲಿ ಮೆಟ್ಟಿಲುಗಳನ್ನೊಮ್ಮೆ ನೋಡಿ, "ರೆಂಡು ಪೇರ್ ದಾನೇಮ್ಮಾ ವಂದೀಂಗ?" ಎಂದರು. ಇಬ್ಬರೇ ಅಲ್ಲವೇ ಬಂದದ್ದು ಎಂದು. ಪಕ್ಕದಲ್ಲಿ ಕಾಲೇಜಿನ ಹುಡುಗಿಯರ ದೊಡ್ಡ ಗುಂಪೊಂದು ಸರದಿಯಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು.

"ಮೂವರು. ಅವ್ಳು ನಮ್ಮಕ್ಕ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಸತ್ತೋಗವ್ಳೆ. ಕಲ್ಲಾಗಿ ಈ ತಾತನ ಕಾಲ ಹತ್ರ ಇದ್ಲು. ನಾನೇ ಕಳೆದುಬಿಟ್ಟೆ."

ಯಾರೂ ನಗಲಿಲ್ಲ. ಕಾವಲಿನವರು ಪುಸ್ತಕವನ್ನು ಮತ್ತೆ ನನ್ನ ಕಡೆಗೆ ತಿರುಗಿಸಿದರು. ದೊಡ್ಡಮ್ಮ ಬರೆದ ಹೆಸರಿನ ಮೇಲೆ ಹೆಬ್ಬೆರಳಿಟ್ಟು ನಿಧಾನವಾಗಿ ಆಡಿಸಿದಳು. ಕಾಗದದಲ್ಲಿ ಬೆರಳಿಗೆ ಸಿಗುವಂಥದ್ದು ಏನೂ ಇರಲಿಲ್ಲ.

"ವಯಸ್ಸೂ ಬರಿ" ಎಂದಳು. "ಎಂಟು."